ಗಟ್ಟಿ ಪೆಡಲ್

ತಕ್ಕಡಿಯ ಮೇಲೆ ಇಟ್ಟ ಬ್ರೇಕ್ ಡಿಸ್ಕು ಒಂದು ಕಿಲೋ ಒಂಬೈನೂರ ನಲವತ್ತು ಗ್ರಾಂ ತೂಗಿತು. ಪೆಟ್ಟಿಗೆಯ ಮೇಲೆ ಒಂದು ಕಿಲೋ ಒಂಬೈನೂರು ಎಂದು ಅಚ್ಚಾಗಿತ್ತು. ನಲವತ್ತು ಗ್ರಾಂ ಸುಳ್ಳು ಎಂದು ಗೊತ್ತಾದಾಗ ಅವನಿಗೆ ಬೆಳಗಿನಿಂದ ಮೊದಲ ಸಲ ಒಂದಿಷ್ಟು ನೆಮ್ಮದಿಯಾಯಿತು. ಬೇರೆಯವರ ತಪ್ಪು ಕೈಗೆ ಸಿಕ್ಕಾಗ ಆಗುವ ನೆಮ್ಮದಿ ಅದು, ಹೊಸದೇನಲ್ಲ. ತಕ್ಕಡಿ ಅವನದಲ್ಲ, ತಂಗಿಯ ಗಂಡ ತಂದು ಶೆಡ್ಡಿನಲ್ಲಿ ಇಟ್ಟದ್ದು. ತಂಗಿಯ ಗಂಡ ಹಲ್ಲಿನ ಡಾಕ್ಟರು. ದಿನವಿಡೀ ಪರರ ಬಾಯೊಳಗೆ ಬೆರಳಿಟ್ಟು ಬೇಸತ್ತು, ನಲವತ್ತು ದಾಟಿದ ಮೇಲೆ ರೇಸಿನ ಹುಚ್ಚು ಹತ್ತಿಸಿಕೊಂಡು, ಕಾಲು ಮೈಲಿ ನೇರ ರಸ್ತೆಯನ್ನು ಒಂಬತ್ತೂವರೆ ಸೆಕೆಂಡಿನಲ್ಲಿ ಮುಗಿಸುವ ಡ್ರ್ಯಾಗ್ ಕಾರೊಂದರ ಯಜಮಾನನಾಗಿದ್ದ. ಯಜಮಾನನಾದ ಮೇಲೆ ಅವನ ಬಾಯಲ್ಲಿ ಗ್ರಾಮು ಬಿಟ್ಟು ಬೇರೆ ಮಾತೇ ಇಲ್ಲ. ಬೋಲ್ಟು ತೂಗಿದ, ಬಾಗಿಲ ಹಿಡಿ ತೂಗಿದ, ಸೀಟಿನ ಬಟ್ಟೆ ಬಿಚ್ಚಿಸಿ ತೂಗಿದ, ಒಂದು ದಿನ ಹೆಂಡತಿಯನ್ನೇ ಹತ್ತಿಸಿ ತೂಗಿ, ಹೋದ ತಿಂಗಳಿಗಿಂತ ಒಂದೂವರೆ ಕಿಲೋ ಜಾಸ್ತಿ ಎಂದು ಎಲ್ಲರೆದುರು ಸಾರಿದ. ಆ ಕಾರು ಓಡಿಸುವವಳು ಅವಳೇ. ಅವಳು ತಕ್ಕಡಿಯಿಂದ ಇಳಿದು, ಶೂ ಹಾಕಿಕೊಂಡು, ದಾರ ಕಟ್ಟದೆ ಹೊರಗೆ ಹೋಗಿದ್ದಳು. ಅವಳ ಅಣ್ಣನಾದ ಇವನು, ಆ ಕಾರನ್ನು ಮೊಳೆಯಿಂದ ಮೊಳೆಗೆ ಕಟ್ಟಿದವನು, ಅವತ್ತು ಎಲ್ಲರ ಜೊತೆ ನಕ್ಕಿದ್ದ.

ಮೇಜಿನ ಮೇಲೆ ಎರಡು ಪೆಟ್ಟಿಗೆಗಳಿದ್ದವು. ಒಂದರಲ್ಲಿ ಹಗುರದ ಬ್ರೇಕು, ತೆಳ್ಳನೆಯ ಡಿಸ್ಕು, ಡಿಸ್ಕನ್ನು ಕಚ್ಚಿ ಹಿಡಿಯುವ, ಮುಷ್ಟಿಯೊಳಗೆ ಅಡಗುವಷ್ಟು ಚಿಕ್ಕ ಕ್ಯಾಲಿಪರು. ಇನ್ನೊಂದರಲ್ಲಿ ಭಾರದ್ದು, ಸಂಸಾರಸ್ಥರ ಕಾರಿಗೆ ಹಾಕುವಂಥದ್ದು. ಎರಡಕ್ಕೂ ಇರುವ ಅಂತರ ಹನ್ನೊಂದು ಕಿಲೋ. ಹನ್ನೊಂದು ಕಿಲೋ ಅಂದರೆ ಕಾಲು ಮೈಲಿಯಲ್ಲಿ ಸೆಕೆಂಡಿನ ನೂರರಲ್ಲಿ ಎರಡೋ ಮೂರೋ ಪಾಲು. ಹೊರಗಿನವರು ಕೇಳಿದರೆ ನಕ್ಕಾರು, ಆದರೆ ಹೋದ ಸೀಸನ್ನಿನಲ್ಲಿ ಎರಡು ಸಲ ಅದಕ್ಕಿಂತ ಕಡಿಮೆಯಲ್ಲೇ ಸೋತಿದ್ದರು. ಸಾಮಾನು ಮಾರುವವನು ಎರಡನ್ನೂ ಇಟ್ಟು ಹೋಗಿದ್ದ, ನಾಲ್ಕು ಗಂಟೆಗೆ ಬಂದು ಬೇಡದ್ದನ್ನು ಒಯ್ಯುತ್ತಾನೆ. ಆ ಮನುಷ್ಯ ಬ್ರೇಕ್ ಮಾರುವಾಗಲೂ ಮಿಠಾಯಿ ಮಾರುವವನ ಹಾಗೆ ನಗುತ್ತಾನೆ. ಎರಡೂ ಒಂದಕ್ಕಿಂತ ಒಂದು ಸಾರ್, ಎಂದಿದ್ದ. ಒಂದಕ್ಕಿಂತ ಒಂದು ಮೇಲಾಗಿರುವುದು ಹೇಗೆ ಎಂದು ಇವನು ಕೇಳಿದಾಗ ಅದಕ್ಕೂ ನಕ್ಕಿದ್ದ. ಆರಿಸುವ ಕೆಲಸ ಇವನದು. ಡಾಕ್ಟರು ನಿನ್ನೆ ಫೋನಿನಲ್ಲಿ ಹೇಳಿದ್ದು ಇಷ್ಟು: ಅವಳೇ ಓಡಿಸುವುದಾದರೆ ಭಾರದ ಬ್ರೇಕು ಹಾಕಿ, ನನಗೂ ರಾತ್ರಿ ನಿದ್ದೆ ಬರಬೇಕು, ಹಗುರದ್ದು ಹಾಕುವುದಾದರೆ ಸಂಬಳದ ಡ್ರೈವರೊಬ್ಬನಿಗೆ ಮಾತು ಕೊಟ್ಟಿದ್ದೇನೆ, ಅವನು ಕೂರಲಿ, ಟೆಕ್ನಿಕಲ್ ವಿಷಯ, ನೀವೇ ತೀರ್ಮಾನಿಸಿ ಭಾವ. ಟೆಕ್ನಿಕಲ್ ವಿಷಯವಂತೆ. ಹೆಂಡತಿಯನ್ನು ಸೀಟಿನಿಂದ ಇಳಿಸುವ ಧೈರ್ಯವಿಲ್ಲದೆ ಅದನ್ನು ಅವಳ ಅಣ್ಣನ ಕೈಯಿಂದ ಮಾಡಿಸಿ, ತಾನು ಕೈ ತೊಳೆದುಕೊಂಡು ಕೂರುವ ಉಪಾಯ. ಹಲ್ಲು ಕೀಳುವಾಗಲೂ ಹೀಗೇ ಇರಬೇಕು, ಬೇನೆ ನಿಮ್ಮದು, ತೀರ್ಮಾನ ನಿಮ್ಮದು, ಇಕ್ಕಳ ಮಾತ್ರ ನನ್ನದು ಅನ್ನುವ ಜಾತಿ.

ಡಿಸ್ಕನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಅಂಚು ನೇರವಾಗಿತ್ತು. ಮೂರು ತಿಂಗಳ ಹಿಂದಿನ ಆ ಮಧ್ಯಾಹ್ನವೂ ಹೀಗೇ ಬಿಸಿಲಿತ್ತು. ರೇಸ್ ರಸ್ತೆಯ ಕೊನೆಯಲ್ಲಿ ನಿಲ್ಲಲು ಬಿಟ್ಟ ಜಾಗ ಮುಗಿದ ಮೇಲೆ ಮರಳಿನ ಹಾಸು, ಅದರಾಚೆ ಬಲೆ. ಹಿಂದಿನಿಂದ ಪ್ಯಾರಾಚೂಟಿನ ಕೊಡೆ ಬಿಚ್ಚಿಕೊಂಡು ನಿಲ್ಲುವಷ್ಟು ವೇಗದ ವರ್ಗವಲ್ಲ ಇವರದು, ನಿಲ್ಲಬೇಕಾದರೆ ಬ್ರೇಕೇ ಗತಿ. ಕಾರು ಗೆಲುವಿನ ಗೆರೆ ದಾಟಿತು, ದೂರದಲ್ಲಿ ಚಿಕ್ಕದಾಯಿತು, ಇನ್ನೂ ಚಿಕ್ಕದಾಯಿತು, ಚಿಕ್ಕದಾಗುವುದು ನಿಲ್ಲಬೇಕಾದ ಹೊತ್ತಿಗೆ ನಿಲ್ಲಲಿಲ್ಲ. ಆಮೇಲೆ ಮರಳು ಎದ್ದಿತು. ಇವನು ಓಡಿದ. ಓಡುತ್ತಿರುವಾಗಲೇ ಬಾಯಿಗೆ ಬಂದ ಮಾತು ಅವಳ ಹೆಸರಲ್ಲ. ಥೂ, ಕಾಲು ತಡವಾಗಿ ಇಟ್ಟಳು ಎಂಬುದು. ಪಕ್ಕದಲ್ಲಿ ಏದುಸಿರು ಬಿಡುತ್ತ ಓಡುತ್ತಿದ್ದ ಡಾಕ್ಟರು ಅದನ್ನು ಕೇಳಿಸಿಕೊಂಡ. ಅವಳ ಮಣಿಕಟ್ಟು ಬಿರುಕು ಬಿಟ್ಟಿತ್ತು, ಕುತ್ತಿಗೆಗೆ ಪಟ್ಟಿ ಹಾಕಿದರು. ಆಸ್ಪತ್ರೆಯಲ್ಲಿ ಮಲಗಿ, "ಎರಡು ಕಾಲಲ್ಲೂ ಒತ್ತಿದೆ ಅಣ್ಣ, ನಿಲ್ಲಲಿಲ್ಲ," ಎಂದಳು. ಅವಳು ಅದನ್ನು ಮೊದಲ ಸಲ ಹೇಳಿದ್ದಲ್ಲ. ಹಗುರದ ಬ್ರೇಕು ಹಾಕಿ ನಿಧಾನಕ್ಕೆ ಓಡಿಸಿ ನೋಡಿದ ಮೊದಲ ದಿನವೇ, ಪೆಡಲ್ ಗಟ್ಟಿ ಇದೆ ಸರಿ, ಆದರೆ ಕಾರು ನಿಲ್ಲಲು ಮನಸ್ಸು ಮಾಡುತ್ತಿಲ್ಲ ಎಂದಿದ್ದಳು. ಇವನು ತಾನೇ ಕೂತು ಒತ್ತಿ ನೋಡಿದ. ಪೆಡಲ್ ಕಲ್ಲಿನಂತಿತ್ತು, ಒಂದು ಬೆರಳು ಕೂಡ ಇಳಿಯಲಿಲ್ಲ. ಗಟ್ಟಿ ಪೆಡಲ್ ಎಂದರೆ ಇವನಿಗೆ ಗೌರವ. ಮೆತ್ತಗಿನ ಪೆಡಲ್ ಕಂಡರೆ ಮೆತ್ತಗಿನ ಮನುಷ್ಯರನ್ನು ಕಂಡಷ್ಟೇ ಅಸಹ್ಯ. "ಪೆಡಲ್ ಸರಿಯಾಗೇ ಇದೆ. ನಿಂದು ಹತ್ತಿಕಾಲು," ಎಂದ. ಸುತ್ತ ನಿಂತವರು ಬಿದ್ದು ಬಿದ್ದು ನಕ್ಕರು. ಹೆಸರು ಅಂಟಿಕೊಂಡಿತು. ಅಪಘಾತದ ನಂತರವಂತೂ ರೇಸ್ ರಸ್ತೆಯ ಕಾಫಿ ಅಂಗಡಿಯವನಿಗೂ ಅವಳು ಹತ್ತಿಕಾಲು.

ಹತ್ತು ಗಂಟೆಗೆ ಅವಳೇ ಶೆಡ್ಡಿಗೆ ಬಂದಳು. ಮಣಿಕಟ್ಟು ವಾಸಿಯಾಗಿತ್ತು, ಆದರೂ ಬಾಗಿಲನ್ನು ಎಡಗೈಯಿಂದ ತಳ್ಳುವ ಅಭ್ಯಾಸ ಉಳಿದಿತ್ತು. ಪೆಟ್ಟಿಗೆಗಳನ್ನು ನೋಡಿದಳು, ಮುಟ್ಟಲಿಲ್ಲ. ಇವನು ಭಾರದ ಪೆಟ್ಟಿಗೆಯನ್ನು ಅವಳ ಕಡೆ ಸರಿಸಿ, ಇದನ್ನು ಹಾಕಿಬಿಡೋಣ, ನೀನೇ ಕೂರುತ್ತೀಯ, ನಿನ್ನ ಗಂಡನ ಬಾಯೂ ಮುಚ್ಚುತ್ತೆ ಎಂದ. ದನಿಯಲ್ಲಿ ಉಪಕಾರ ಮಾಡುವವನ ಧಾಟಿ ಇತ್ತು, ಅದು ಇವನಿಗೇ ಕೇಳಿಸಿತು. ಈ ಒಂದು ಪೆಟ್ಟಿಗೆಯಿಂದ ಎಲ್ಲವೂ ಸಲೀಸಾಗಿ ಮುಚ್ಚಿಹೋಗುತ್ತಿತ್ತು. ಅವಳಿಗೆ ಸೀಟು, ಡಾಕ್ಟರಿಗೆ ನಿದ್ದೆ, ಇವನಿಗೆ ಬಚಾವು. ಅವಳು ತಲೆಯಾಡಿಸಿದಳು.

"ಭಾರದ್ದು ಹಾಕಿದ್ರೆ ನಾನು ಕೂರಲ್ಲ."

"ಯಾಕೆ? ಎರಡು ಶತಾಂಶಕ್ಕೆ ಪ್ರಾಣ ಕೊಡ್ತೀಯಾ?"

"ಎರಡು ಶತಾಂಶಕ್ಕಲ್ಲ. ಇವಳಿಗೆ ನಿಲ್ಲಿಸೋಕೆ ಬರಲ್ಲ ಅಂತ ಹನ್ನೊಂದು ಕಿಲೋ ಕಟ್ಟಿ ಕಳಿಸಿದ್ರಂತೆ ಅಂತಾರೆ. ಪ್ರತಿ ಸಲ ಕಾರು ತೂಗುವಾಗ ಅದನ್ನೇ ಅಂತಾರೆ. ನಾನು ಕಾಲು ತಡ ಮಾಡಿಲ್ಲ ಅಣ್ಣ. ಮಾಡಿದ್ದೀನಿ ಅಂತ ಒಪ್ಪಿಕೊಂಡು ಕೂರೋದಕ್ಕಿಂತ ಮನೇಲಿರೋದು ವಾಸಿ."

ಅಷ್ಟು ಹೇಳಿ ಅವಳು ಕಾರಿನ ಹತ್ತಿರ ಹೋಗಿ, ಹೊಸದಾಗಿ ಕೂರಿಸಿದ ಮೂತಿಯ ಮೇಲೆ ಅಂಗೈ ಆಡಿಸಿ, ಬಣ್ಣ ಚೆನ್ನಾಗಿ ಕೂತಿದೆ ಎಂದಳು. ಅವಳಿಗೆ ಇವನಿಂದ ಏನೋ ಒಂದು ಮಾತು ಬೇಕಿತ್ತು, ಅದಕ್ಕೇ ಬಣ್ಣದ ನೆಪದಲ್ಲಿ ಎರಡು ನಿಮಿಷ ನಿಂತಳು. ಇವನು ಸ್ಪಾನರುಗಳನ್ನು ಅಳತೆಯ ಪ್ರಕಾರ ಜೋಡಿಸತೊಡಗಿದ. ಅವನ್ನು ಮೊದಲೇ ಜೋಡಿಸಿಯಾಗಿತ್ತು. ಅವಳು ಹೋದಳು. ಹೋದ ಮೇಲೆ ಇವನಿಗೆ ಸಿಟ್ಟು ಬಂತು, ಅವಳ ಮೇಲೆಯೇ. ಏನು ಸ್ವಾಭಿಮಾನವಪ್ಪಾ, ಹಲ್ಲಿನ ಡಾಕ್ಟರನ್ನು ಕಟ್ಟಿಕೊಳ್ಳುವಾಗ ಎಲ್ಲಿಟ್ಟಿದ್ದಳೋ ಇದನ್ನು, ಎಂದುಕೊಂಡ. ಈ ಮಾತು ಎಷ್ಟು ಹಗುರವಾದದ್ದು ಎಂದು ತಕ್ಷಣ ಹೊಳೆಯಿತು.

ಅವನಿಗೆ ಗೊತ್ತಿತ್ತು. ಅಪಘಾತವಾದ ಮೂರನೆಯ ದಿನದಿಂದ ಗೊತ್ತಿತ್ತು. ಮುರಿದ ಕಾರಿನೊಳಗೆ ಬಗ್ಗಿ ಪೆಡಲನ್ನು ನೋಡಿದಾಗ ಅದರ ತೋಳು ಬಾಗಿತ್ತು. ಬೆರಳು ದಪ್ಪದ ಉಕ್ಕು, ಮುಂದಕ್ಕೆ ಬಾಗಿತ್ತು. ಯಾರೋ ಎರಡೂ ಕಾಲಿನಿಂದ, ಸೊಂಟದ ಬಲವನ್ನೆಲ್ಲ ಹಾಕಿ ಒತ್ತದ ಹೊರತು ಅದು ಬಾಗುವ ವಸ್ತುವಲ್ಲ. ಆಗ ಸಂಶಯ ಬಂದು ಬಟ್ಟೆಗೆ ಥಿನ್ನರ್ ಹಚ್ಚಿ ಮಾಸ್ಟರ್ ಸಿಲಿಂಡರಿನ ಮೇಲಿನ ಬಣ್ಣ ಉಜ್ಜಿದ. ಕಾಲು ಒತ್ತಿದ್ದನ್ನು ಎಣ್ಣೆಯ ಮೂಲಕ ಗಾಲಿಗೆ ಮುಟ್ಟಿಸುವ ಕೊಳವೆ ಅದು. ಬಣ್ಣದ ಕೆಳಗೆ ಅಳತೆಯ ಅಂಕೆ ಮೂಡಿತ್ತು. ಭಾರದ ಬ್ರೇಕಿನ ಹಳೆಯ ಕಾರಿಗೆ ಇದ್ದ ದಪ್ಪ ಸಿಲಿಂಡರು. ಹಗುರದ ಬ್ರೇಕು ಹಾಕಿದ ದಿನ ಶೆಲ್ಫಿನ ಮೇಲಿನಿಂದ ತಾನೇ ಕೈ ಚಾಚಿ ತೆಗೆದದ್ದು, ನೋಡದೆ. ಮೂವತ್ತು ವರ್ಷದ ಅನುಭವಕ್ಕೆ ಅಂಕೆ ನೋಡುವ ದರಿದ್ರ ಯಾಕೆ? ದಪ್ಪ ಸಿಲಿಂಡರಿಗೆ ಪೆಡಲ್ ಕಲ್ಲಾಗುತ್ತದೆ, ಆದರೆ ಚಿಕ್ಕ ಕ್ಯಾಲಿಪರಿಗೆ ಬೇಕಾದ ಒತ್ತಡ ಅಲ್ಲಿಗೆ ತಲುಪುವುದಿಲ್ಲ. ಕಲಿಯಲು ಬಂದವರಿಗೆ ಮೊದಲ ವಾರ ಇವನೇ ಹೇಳಿಕೊಡುವ ಪಾಠ. ಅದನ್ನು ತಿಳಿಯದವರನ್ನು ಇವನು ಎಷ್ಟು ಜನರೆದುರು ಎಷ್ಟು ಸಲ ಹರಾಜು ಹಾಕಿದ್ದಾನೋ ಲೆಕ್ಕವಿಲ್ಲ. ಅವತ್ತು ಶೆಡ್ಡಿನ ಬಾಗಿಲು ಹಾಕಿ, ಪೆಡಲ್ ತೋಳನ್ನು ಬಿಚ್ಚಿ, ಕೆಂಪಗೆ ಕಾಯಿಸಿ, ಬಡಿದು ನೇರ ಮಾಡಿದ. ಕಾಯಿಸಿದ ಗುರುತು ಕಾಣದಂತೆ ಕಪ್ಪು ಬಣ್ಣ ಬಳಿದ. ಬಣ್ಣ ಒಣಗುವ ತನಕ ಕಾದು ಕೂತು, ಮಧ್ಯಾಹ್ನದ ಬ್ರೆಡ್ಡನ್ನು ಅಲ್ಲಿಯೇ ತಿಂದ. ಸಂಜೆ ಡಾಕ್ಟರು ಬಂದು, ಏನಾದರೂ ಗೊತ್ತಾಯಿತೇ ಭಾವ ಎಂದು ಕೇಳಿದಾಗ, ಕಾರಿನಲ್ಲಿ ಏನೂ ದೋಷವಿಲ್ಲ ಎಂದ. ಡಾಕ್ಟರು ನಿಟ್ಟುಸಿರಿಟ್ಟ. ಆ ನಿಟ್ಟುಸಿರಿನಲ್ಲಿ ಎಷ್ಟು ಸಮಾಧಾನವಿತ್ತು ಎಂದು ಇವನಿಗೆ ಈಗಲೂ ನೆನಪಿದೆ. ಹೆಂಡತಿ ಅವನಿಗಿಂತ ಚೆನ್ನಾಗಿ ಏನನ್ನಾದರೂ ಮಾಡುವುದು ಆ ಮನುಷ್ಯನಿಗೆ ಒಳಗೊಳಗೇ ಬೇನೆಯಾಗಿತ್ತು.

ಸರಿಯಾದ ಸಣ್ಣ ಸಿಲಿಂಡರನ್ನು ಮಾರನೆಯ ದಿನವೇ ತರಿಸಿ ಮೇಜಿನ ಕೆಳಗಿನ ಖಾನೆಯಲ್ಲಿ ಚಿಂದಿ ಸುತ್ತಿ ಇಟ್ಟಿದ್ದ. ಹೊಸ ಬ್ರೇಕು ಬಂದಾಗ ಜೊತೆಗೆ ಗುಟ್ಟಾಗಿ ಕೂರಿಸಿದರಾಯಿತು, ಅವಳು ಚೆನ್ನಾಗಿ ನಿಲ್ಲಿಸುತ್ತಾಳೆ, ಜನ ಮರೆಯುತ್ತಾರೆ ಎಂಬುದು ಯೋಜನೆ. ಹಲ್ಲಿನ ಡಾಕ್ಟರು ಇಂಥದೊಂದು ಷರತ್ತು ಹಾಕಿಯಾನೆಂದು ಯಾರಿಗೆ ಗೊತ್ತಿತ್ತು. ಈಗ ಉಳಿದ ದಾರಿ ಒಂದೇ. ಅವಳು ಹಗುರದ ಬ್ರೇಕಿನ ಕಾರಿನಲ್ಲಿ ಕೂರಬೇಕಾದರೆ ಇವನು ಬಾಯಿ ಬಿಡಬೇಕು. ಹನ್ನೆರಡರ ತನಕ ಅದನ್ನೂ ಇದನ್ನೂ ಒರೆಸುತ್ತ ಕಳೆದ. ಆಮೇಲೆ ಕೈ ತೊಳೆದ. ಎರಡು ಸಲ ಸೋಪು ಹಾಕಿದರೂ ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ, ಅಂಥ ಕೈಯಲ್ಲೇ ಕ್ಲಿನಿಕ್ಕಿಗೆ ಹೊರಟ. ದಾರಿಯುದ್ದಕ್ಕೂ ಮಾತನ್ನು ಜೋಡಿಸಿಕೊಂಡ. ತಪ್ಪಾಯಿತು ಎಂಬ ಪದ ಬರದ ಹಾಗೆ ಜೋಡಿಸಲು ನೋಡುತ್ತಿದ್ದೇನೆಂದು ಹೊಳೆದಾಗ ಸಿಗ್ನಲ್ಲಿನಲ್ಲಿ ಹಿಂದಿನ ಕಾರು ಹಾರನ್ ಹೊಡೆಯುತ್ತಿತ್ತು.

ಕ್ಲಿನಿಕ್ಕಿನ ಹುಡುಗಿ ಇವನನ್ನು ಗುರುತಿಸಿದಳೋ ಇಲ್ಲವೋ, ಚೀಟಿ ಕೊಟ್ಟಳು. ಏಳನೆಯ ನಂಬರು. ಬಿಳಿ ಸೋಫಾದ ಕಡೆ ಇವನು ನಡೆದಾಗ ಒಂದು ನಿಮಿಷ ಸಾರ್ ಎಂದು ಬಂದು ಮೊದಲು ಪ್ಲಾಸ್ಟಿಕ್ ಹಾಳೆ ಹಾಸಿದಳು. ಎದುರಿನ ಗೋಡೆಯಲ್ಲಿ ದೊಡ್ಡ ಗಾತ್ರದ ಒಂದು ದವಡೆ, ಅದರ ಕೆಳಗೆ ನಗುವ ಸಂಸಾರದ ಚಿತ್ರ. ಕೆನ್ನೆ ಊದಿದ ಒಬ್ಬ ಗುಮಾಸ್ತೆ, ಬಾಯಿಗೆ ಕರವಸ್ತ್ರ ಒತ್ತಿಕೊಂಡ ಒಬ್ಬ ಅಜ್ಜಿ, ಇಬ್ಬರೂ ಇವನನ್ನು ನೋಡಿ ಕಾಲು ಮಡಚಿಕೊಂಡರು. ನೋವಿದ್ದವರಿಗೂ ಗ್ರೀಸು ಕಂಡರೆ ಅಹಂಕಾರ ಬರುತ್ತದೆ. ಒಂದು ಗಂಟೆ ಕೂತ ಮೇಲೆ ಒಳಗೆ ಕರೆದರು. ಒಳಗೆ ರೋಗಿಯ ಕುರ್ಚಿ ಬಿಟ್ಟು ಬೇರೆ ಕೂರುವ ಜಾಗವಿರಲಿಲ್ಲ. ಕೂತ ತಕ್ಷಣ ಅದು ತಾನಾಗಿ ಹಿಂದಕ್ಕೆ ವಾಲಿತು, ದೀಪ ಮುಖಕ್ಕೆ ಬಂತು. ಮೇಲಿನಿಂದ ಡಾಕ್ಟರ ಮುಖ, ತಲೆಕೆಳಗಾಗಿ, ಮುಗುಳ್ನಗುತ್ತಿತ್ತು. ಏನು ಭಾವ, ಇಲ್ಲಿಯ ತನಕ, ಹಲ್ಲೇ? ಇವನು ಎದ್ದು ಕೂರಲು ನೋಡಿದ, ಕುರ್ಚಿ ಬಿಡಲಿಲ್ಲ. ಕೊನೆಗೆ ಮಲಗಿಕೊಂಡೇ ಹೇಳಿದ.

ಹೇಳಲು ಶುರು ಮಾಡಿದ ಮೇಲೆ ಆಶ್ಚರ್ಯವೆಂಬಂತೆ ಸಲೀಸಾಗಿ ಬಂತು. ಟ್ರೇಯಲ್ಲಿ ಎರಡು ಸಿರಿಂಜುಗಳಿದ್ದವು, ಒಂದು ದಪ್ಪ, ಒಂದು ಸಣ್ಣ. ಅವನ್ನು ಕೈಗೆ ತೆಗೆದುಕೊಂಡು, ನೋಡಿ, ಒಂದೇ ಹೆಬ್ಬೆರಳು, ಒಂದೇ ಬಲ, ಸಣ್ಣದರಲ್ಲಿ ನೀರು ಗೋಡೆಗೆ ಹಾರುತ್ತೆ, ದಪ್ಪದರಲ್ಲಿ ಅಲ್ಲೇ ತೊಟ್ಟಿಕ್ಕುತ್ತೆ. ನಾನು ಹಾಕಿದ್ದು ದಪ್ಪದ್ದು, ಅದಕ್ಕೇ ಕಾರು ನಿಲ್ಲಲಿಲ್ಲ ಎಂದು ವಿವರಿಸಿದ. ಡಾಕ್ಟರು ಆಸಕ್ತಿಯಿಂದ ಎರಡಕ್ಕೂ ನೀರು ತುಂಬಿ ಬೇಸಿನ್ನಿಗೆ ಹಾರಿಸಿ ನೋಡಿದ. ಹೌದಲ್ಲ ಎಂದ. ಇನ್ನೊಮ್ಮೆ ಹಾರಿಸಿದ. ಇವನು ಭಾರದ ಬ್ರೇಕಿಗೆ ಅವಳು ಒಪ್ಪದ್ದನ್ನೂ, ಪೆಡಲ್ ತೋಳಿನ ವಿಷಯವನ್ನೂ ಹೇಳಿದ. ಕಾಯಿಸಿ ನೇರ ಮಾಡಿದ್ದು, ಬಣ್ಣ ಬಳಿದದ್ದು, ಎಲ್ಲ. ಹೇಳಿ ಮುಗಿಸಿದಾಗ ಎದೆ ಹಗುರವಾಗಿತ್ತು. ಈಗ ಈ ಹಲ್ಲು ಕೀಳುವವನು ಬಯ್ಯಲಿ, ಊರಿಗೆಲ್ಲ ಹೇಳಲಿ, ನನ್ನ ಅಂಗಡಿಗೆ ಬೀಗ ಬೀಳಲಿ ಎಂದುಕೊಂಡ. ಡಾಕ್ಟರು ಕೈಗವಸು ಬಿಚ್ಚಿ, ತೊಟ್ಟಿಗೆ ಹಾಕಿ, ಇವನ ಭುಜದ ಮೇಲೆ ಕೈಯಿಟ್ಟ. ಅವನ ಕಣ್ಣು ತೇವವಾಗಿತ್ತು.

"ಭಾವ, ತಂಗಿಗೋಸ್ಕರ ಇಷ್ಟು ದೂರ ಬಂದ್ರಲ್ಲ. ನನಗೂ ಇಂಥ ಅಣ್ಣ ಒಬ್ಬ ಇರಬೇಕಾಗಿತ್ತು."

"ನಾನು ಹೇಳಿದ್ದು ನಿಜ."

"ಇಷ್ಟು ಚೆನ್ನಾಗಿ ಗೊತ್ತಿರೋರು ಆ ತಪ್ಪು ಮಾಡ್ತಾರಾ ಭಾವ? ನೀವು? ಬೋಲ್ಟಿನ ಅಳತೆ ಬೆರಳಲ್ಲಿ ಮುಟ್ಟಿ ಹೇಳೋ ನೀವು, ಸಿಲಿಂಡರ್ ನೋಡದೆ ಹಾಕ್ತೀರಾ?"

ಆ ಪೆಡಲ್ ತೋಳು ಎಲ್ಲಿ, ತೋರಿಸಿ ಎಂದ. ನೇರ ಮಾಡಿದ್ದೇನೆ ಎಂದು ಇವನು ಇನ್ನೊಮ್ಮೆ ಹೇಳಬೇಕಾಯಿತು. ಡಾಕ್ಟರು ಮತ್ತೆ ನಕ್ಕ, ಮಕ್ಕಳ ಸುಳ್ಳಿಗೆ ನಗುವ ಹಾಗೆ. ಸಿಲಿಂಡರನ್ನಾದರೂ ಬಂದು ನೋಡಿ, ಅಂಕೆ ಇದೆ ಎಂದ ಇವನು. ಇರಲಿ ಬಿಡಿ ಭಾವ, ಅದನ್ನು ನೀವು ಇವತ್ತು ಬೆಳಿಗ್ಗೆ ಕೂರಿಸಿಟ್ಟು ಬಂದಿರುತ್ತೀರಿ, ನಿಮ್ಮ ಬುದ್ಧಿ ನನಗೆ ಗೊತ್ತಿಲ್ಲವೇ ಎಂದ. ನಂಬದಿರುವುದು ಅವನಿಗೆ ಎಷ್ಟು ಅನುಕೂಲ ಎಂದು ಇವನಿಗೆ ಕಂಡಿತು. ಹಾಗಿದ್ದೂ ಆ ತೇವದ ಕಣ್ಣು ನಾಟಕವಲ್ಲ, ಅದೇ ಇನ್ನೂ ಹೇಸಿಗೆ. ತನ್ನ ಅನುಕೂಲಕ್ಕೆ ಅಳುವುದೂ ಆ ಮನುಷ್ಯನಿಗೆ ಬರುತ್ತದೆ. ಕೂಗಾಡಬೇಕು, ಸಿರಿಂಜನ್ನು ನೆಲಕ್ಕೆ ಬಡಿದು ನಂಬುವ ತನಕ ಕೂಗಾಡಬೇಕು ಎಂದುಕೊಂಡ. ಆದರೆ ಬೋಲ್ಟಿನ ಅಳತೆ ಬೆರಳಲ್ಲಿ ಹೇಳುವವನು ಎಂಬ ಮಾತು ಒಳಗೆಲ್ಲೋ ಹೋಗಿ ಕೂತಿತ್ತು. ಅದು ಹಿತವಾಗಿತ್ತು. ಅದನ್ನು ಹೊರಗೆ ಎಳೆದು ಹಾಕಲು ಕೈ ಬರಲಿಲ್ಲ. ಹಿಂದಿನ ದವಡೆ ಹಲ್ಲೊಂದು ಹುಳುಕಾಗಿದೆ, ಬಿಡುವಾದಾಗ ಬನ್ನಿ ಎಂದು ಡಾಕ್ಟರು ಕುರ್ಚಿಯನ್ನು ನೇರ ಮಾಡಿದ. ಇವನು ಥ್ಯಾಂಕ್ಸ್ ಎಂದ. ರಸ್ತೆಗೆ ಬಂದ ಮೇಲೆ ಯಾತಕ್ಕೆ ಥ್ಯಾಂಕ್ಸ್ ಹೇಳಿದೆ ಎಂದು ನೆನಪಾಗದೆ ಫುಟ್‌ಪಾತಿನಲ್ಲಿ ಸ್ವಲ್ಪ ಹೊತ್ತು ನಿಂತ.

ಶೆಡ್ಡಿಗೆ ಮುಟ್ಟುವಷ್ಟರಲ್ಲಿ ಎಲ್ಲ ತೀರ್ಮಾನವಾಗಿತ್ತು. ಡಾಕ್ಟರು ಮಾರುವವನಿಗೆ ಫೋನು ಮಾಡಿದ್ದ, ಹಗುರದ್ದು ಉಳಿಯುತ್ತದೆ, ಭಾರದ್ದು ವಾಪಸ್. ಮಾರುವವನು ಬಂದು, ಒಳ್ಳೆಯ ಆಯ್ಕೆ ಸಾರ್ ಎಂದು ನಕ್ಕು ಪೆಟ್ಟಿಗೆ ಹೊತ್ತುಕೊಂಡು ಹೋದ. ಸಂಬಳದ ಡ್ರೈವರು ಸಂಜೆ ಸೀಟಿನ ಅಳತೆ ಕೊಡಲು ಬರುತ್ತಾನಂತೆ, ಅವಳಿಗಿಂತ ಆರು ಕಿಲೋ ಕಡಿಮೆಯಂತೆ, ಅದನ್ನೂ ಡಾಕ್ಟರು ಮೆಸೇಜಿನಲ್ಲಿ ತಿಳಿಸಿದ್ದ. ಇವನು ಖಾನೆ ತೆರೆದು ಸಣ್ಣ ಸಿಲಿಂಡರನ್ನು ಹೊರಗೆ ತೆಗೆದ. ಕೈಯಲ್ಲಿ ಹಿಡಿದಾಗ ಗೊತ್ತಾಯಿತು, ಇದನ್ನು ಕೂರಿಸಿದರೆ ಕಾರು ನಿಲ್ಲುತ್ತದೆ. ಮೊದಲ ದಿನವೇ, ಹೊಸಬನ ಕಾಲಿನ ಕೆಳಗೆ, ನಿಲ್ಲಬೇಕಾದ ಜಾಗಕ್ಕಿಂತ ಐವತ್ತು ಮೀಟರು ಮೊದಲೇ ನಿಲ್ಲುತ್ತದೆ. ನೋಡಿದಿರಾ, ಅದೇ ಕಾರು, ಅದೇ ಹಗುರದ ಬ್ರೇಕು ಎನ್ನುತ್ತಾರೆ. ಕಾಫಿ ಅಂಗಡಿಯವನೂ ಅನ್ನುತ್ತಾನೆ. ಆಮೇಲೆ ಅವಳು ಸಾಯುವ ತನಕ ಏನು ಹೇಳಿದರೂ ಯಾರೂ ಕೇಳುವುದಿಲ್ಲ. ಕೂರಿಸದಿದ್ದರೆ ಯಾರೋ ತಾಯಿ ಹೆತ್ತ ಮಗನೊಬ್ಬ ಬಲೆಗೆ ಹೋಗಿ ಬೀಳುತ್ತಾನೆ. ಒಂದು ಕ್ಷಣ, ಒಂದೇ ಕ್ಷಣ, ಬೀಳಲಿ ಎಂದೂ ಅನಿಸಿತು. ಹಳೆಯದನ್ನು ಬಿಚ್ಚಿದ, ಹೊಸದನ್ನು ಕೂರಿಸಿದ, ನಾಲ್ಕು ಬೋಲ್ಟು, ಎರಡು ಪೈಪು. ಕೆಲಸ ಚೊಕ್ಕವಾಗಿ ಬಂತು. ಕೈಗೆ ಏನೂ ಗೊತ್ತಿರುವುದಿಲ್ಲ, ಅದಕ್ಕೆ ನಾಚಿಕೆಯೂ ಇಲ್ಲ.

ಐದು ಗಂಟೆಗೆ ಅವಳು ತನ್ನ ಹೆಲ್ಮೆಟ್ಟು, ಸೀಟಿನ ದಿಂಬು ಒಯ್ಯಲು ಬಂದಳು. ಗಂಡ ಫೋನಿನಲ್ಲಿ ಹೇಳಿದ್ದನಂತೆ. ಮುಖದಲ್ಲಿ ಅತ್ತ ಗುರುತಿರಲಿಲ್ಲ. ನಿಮ್ಮಣ್ಣ ನಿನಗೋಸ್ಕರ ಎಂಥ ಸುಳ್ಳು ಹೇಳಿದ ಗೊತ್ತಾ ಎಂದು ಅವರು ತುಂಬ ಹೊಗಳಿದರು, ಏನು ಹೇಳಿದೆ ಎಂದು ಕೇಳಿದಳು. ಇವನು, ಏನೋ ಹೇಳಿದೆ, ಬಿಡು ಎಂದ. ಅವಳು ಬಿಟ್ಟಳು. ಪೈಪಿನಲ್ಲಿ ಸಿಕ್ಕ ಗಾಳಿ ತೆಗೆಯಬೇಕಾಗಿತ್ತು, ಅದಕ್ಕೆ ಇಬ್ಬರು ಬೇಕು, ಒಬ್ಬರು ಪೆಡಲ್ ಒತ್ತಲು, ಒಬ್ಬರು ಗಾಲಿಯ ಹತ್ತಿರ ಗಾಳಿ ಹೋಗುವ ನಿಪ್ಪಲ್ ತಿರುಗಿಸಲು. ಇವನು ಕೇಳಲಿಲ್ಲ. ಅವಳೇ ದಿಂಬನ್ನು ಕೆಳಗಿಟ್ಟು ಕಾರಿನೊಳಗೆ ಹತ್ತಿ ಕೂತಳು. ಅಪ್ಪ ಇದ್ದಾಗ ಅವರ ಅಂಗಡಿಯಲ್ಲಿ ಈ ಕೆಲಸ ಯಾವಾಗಲೂ ಇವರಿಬ್ಬರದೇ. ಆಗ ಕಾಲು ಪೆಡಲಿಗೆ ಎಟುಕದೆ ಅವಳು ಸೀಟಿನ ತುದಿಗೆ ಜಾರಿ ಕೂರುತ್ತಿದ್ದಳು. ಒತ್ತು, ಹಿಡಿ, ಬಿಡು. ಇವನು ಬೇಕೆಂದೇ ಬಿಡು ಎಂದು ಹೇಳುವುದನ್ನು ತಡ ಮಾಡಿದರೂ, ಕಾಲು ನಡುಗುತ್ತಿದ್ದರೂ, ಹೇಳುವ ತನಕ ಅವಳು ಬಿಟ್ಟವಳಲ್ಲ. ಆ ಕಾಲಿಗೆ ಇವನು ಹತ್ತಿ ಎಂದು ಹೆಸರಿಟ್ಟಿದ್ದ. ಈಗ ಕಾರಿನ ಕೆಳಗೆ ಸರಿದು ಮಲಗಿದಾಗ ಇವನಿಗೆ ಗಾಲಿ ಮಾತ್ರ ಕಾಣುತ್ತಿತ್ತು, ಮೇಲೆ ಅವಳ ದನಿ ಮಾತ್ರ ಕೇಳುತ್ತಿತ್ತು. ಒತ್ತು ಎಂದ. ಒತ್ತಿದೆ ಎಂದಳು. ಪೈಪಿನಲ್ಲಿ ಗುಳ್ಳೆ ಬಂತು. ಹತ್ತು ಸಲ ಒತ್ತಿದ ಮೇಲೆ ಗುಳ್ಳೆ ನಿಂತು ಎಣ್ಣೆ ಮಾತ್ರ ಬಂತು. ಇನ್ನೊಂದು ಸಲ ಒತ್ತು ಎಂದ.

"ಅಣ್ಣ, ಇದು ಕೆಳಗೆ ಹೋಗ್ತಿದೆ. ಮೆತ್ತಗಿದೆ. ಆದ್ರೆ ಹಿಡೀತಿದೆ."

ಹೊಸ ಕ್ಯಾಲಿಪರು, ಹಾಗೇ ಇರುತ್ತೆ ಎಂಬ ಮಾತು ಇವನ ನಾಲಿಗೆಯ ತುದಿಗೆ ಬಂದು ಕೂತಿತ್ತು.

"ಸಿಲಿಂಡರ್ ಬೇರೆ ಹಾಕಿದ್ಯಾ?"

"ಹೂಂ."

"ಯಾವಾಗ ಗೊತ್ತಾಯ್ತು?"

"ನೀನು ಆಸ್ಪತ್ರೇಲಿದ್ದಾಗ."

ಅವಳು ಬಯ್ಯಲಿ ಎಂದು ಇವನು ಕಾದ. ಕೆಳಗೆ ಸಿಮೆಂಟು ತಣ್ಣಗಿತ್ತು. ಅವಳು ಬೈದಿದ್ದರೆ ಇವನಿಗೆ ಉತ್ತರವಿತ್ತು, ಕ್ಲಿನಿಕ್ಕಿಗೆ ಹೋಗಿ ಹೇಳಿದೆ, ನಿನ್ನ ಗಂಡ ನಂಬಲಿಲ್ಲ ಎಂದು ಹೇಳಬಹುದಿತ್ತು, ಅದು ನಿಜವೂ ಆಗಿತ್ತು. ಅವಳು, "ಇನ್ನೊಂದು ಸಲ ಒತ್ಲಾ, ಸಾಕಾ?" ಎಂದು ಕೇಳಿದಳು. ದನಿ ಗಿರಾಕಿಯೊಬ್ಬಳ ದನಿಯಾಗಿತ್ತು. ಸಾಕು ಎಂದ.

ಅಷ್ಟರಲ್ಲಿ ಬಾಗಿಲ ಹತ್ತಿರ ಹೆಜ್ಜೆ ಕೇಳಿತು. ಸಂಬಳದ ಡ್ರೈವರು. ಸಣಕಲು ಮೈಯ, ಹೊಸ ಶೂಗಳ, ನಾಚಿಕೆಯ ಸ್ವಭಾವದ ಮನುಷ್ಯ. ಇವನು ಇಡೀ ದಿನ ಮನಸ್ಸಿನಲ್ಲಿ ಬೈದುಕೊಂಡಿದ್ದ ಶೋಕಿಲಾಲನಿಗೂ ಅವನಿಗೂ ಸಂಬಂಧವಿರಲಿಲ್ಲ. ಅವಳು ಕಾರಿನಿಂದ ಇಳಿದಳು. ಅವನು ಒಳಗೆ ಕೂತ. ಪೆಡಲ್ ಒತ್ತಿ ನೋಡಿದವನೇ ಗಾಬರಿಯಾಗಿ, ಇದು ಬಹಳ ಇಳಿಯುತ್ತಿದೆಯಲ್ಲ, ಸರಿ ಇದೆಯೇ ಎಂದು ಕೇಳಿದ. ಕಾರಿನ ಕೆಳಗಿದ್ದ ಇವನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು.

"ಮೆತ್ತಗೇ ಇರುತ್ತೆ. ಹೆದರಬೇಡಿ. ಗೆರೆ ದಾಟಿದ ಮೇಲೆ ಒಂದೇ ಕಾಲಲ್ಲಿ ಒತ್ತಿ, ಸಾಕು. ನಿಲ್ಲುತ್ತೆ."

"ನೀವು ಇದನ್ನ ಓಡಿಸಿದ್ದೀರಲ್ಲ ಮೇಡಂ?"

"ಇಲ್ಲ," ಎಂದಳು. "ಇದನ್ನ ನಾನು ಓಡಿಸಿಲ್ಲ."

ದಿಂಬನ್ನೂ ಹೆಲ್ಮೆಟ್ಟನ್ನೂ ಎತ್ತಿಕೊಂಡ ಸದ್ದಾಯಿತು. ಬಿಗಿಯಾಗಿದ್ದ ನಿಪ್ಪಲಿಗೆ ಇವನು ಸ್ಪಾನರ್ ಹಾಕಿ ಮತ್ತೊಮ್ಮೆ ಬಿಗಿ ಮಾಡಿದ. ಅವಳು ಬಂದ ಕಾರು ಗೇಟು ದಾಟಿ ರಸ್ತೆಗೆ ಇಳಿಯುವ ತನಕ ಹೊರಗೆ ಬರಲಿಲ್ಲ.